ಆಯಿಯ ಅಂಗೈಯ ಕಿತ್ತಳೆ ಬೆಳಕು

ಆ ಕ್ಯಾಮರಾದ ಬೆನ್ನು ತೆಗೆದವನು ನಾನೇ, ಗುರುಪಾದಪ್ಪ ಕಾಕಾ. ಮುಟ್ಟಿಲ್ಲ ಎಂದು ನಿಮ್ಮ ಮುಖ ನೋಡಿ ಹೇಳಿದವನೂ ನಾನೇ. ಈ ಎರಡು ಮಾತುಗಳನ್ನು ಐದು ವರ್ಷ ನುಂಗಿಕೊಂಡು, ಇಂಡಿಯಿಂದ ಮುದ್ದೇಬಿಹಾಳದವರೆಗೆ ಊರೂರು ತಿರುಗಿ ಸತ್ಯದ ಮೇಲೆ ಭಾಷಣ ಬಿಗಿದಿದ್ದೇನೆ. ಚಪ್ಪಾಳೆ ಹೊಡೆದವರು ಈ ಪತ್ರಿಕೆಯನ್ನೂ ಓದುತ್ತಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ — ನಾನು ಬದಲಾಗಿಲ್ಲ. ಮೈಯೊಳಗೆ ಆರು ಚಕ್ರ, ಚಕ್ರಕ್ಕೊಂದು ಬಣ್ಣ, ಧ್ಯಾನಕ್ಕೆ ಕೂತವರ ಸುತ್ತ ಪ್ರಭೆ — ಇವೆಲ್ಲ ನನಗೆ ಅಂದೂ ಬುರುಡೆ, ಇಂದೂ ಬುರುಡೆ. ಸಿಂದಗಿಯ ನಿಮ್ಮ ಸ್ಟುಡಿಯೊದಲ್ಲಿ ಕಪ್ಪು-ಬಿಳುಪು ಫೋಟೋಗಳ ಕೆನ್ನೆಗೆ, ಸೀರೆಯ ಅಂಚಿಗೆ ಸಣ್ಣ ಕುಂಚದಿಂದ ಬಣ್ಣ ಹಚ್ಚುತ್ತ ನೀವು ಅದನ್ನೇ ಬೋಧಿಸುತ್ತಿದ್ದಿರಿ. ಕರಿ-ಬಿಳಿ ಫಿಲ್ಮು ಮೈಯನ್ನಷ್ಟೇ ಹಿಡಿಯುತ್ತದೆ, ಬಣ್ಣದ್ದು ಬಂದರೆ ಒಳಗಿನದೂ ಸಿಗುತ್ತದೆ ಎಂದು. ಗಿರಾಕಿಗಳಿಗಿಟ್ಟ ಉದ್ದನೆಯ ಮರದ ಬಾಕಿನ ಮೇಲೆ ಕೂತವರು ಹೌದ್ರಿ, ಹೌದ್ರಿ ಎನ್ನುತ್ತಿದ್ದರು. ನಾನೋ ವಿಜಾಪುರದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಢಾಲು ಗೆದ್ದು ಬಂದವನು. ಹಾಗಾದರೆ ನನ್ನ ಒಳಗಿನ ಬಣ್ಣ ಯಾವುದು ಎಂದು ಸವಾಲು ಹಾಕಿದೆ. ನನ್ನದೇ ಫೋಟೋ ನಿಮ್ಮ ಕೈಯಲ್ಲಿತ್ತು. ತಲೆ ಎತ್ತದೆ ಅಂದಿರಿ:

"ಅದನ್ನ ಹುಡುಕಾಕತ್ತೇನಿ ತಮ್ಮಾ. ನೀ ಒಂದೀಟು ಬಾಯಿ ಮುಚ್ಚಿ ಕೂತ್ರ ಕಂಡೀತು."

ಬಾಕಿಗೆ ಬಾಕೇ ನಕ್ಕಿತು.

ಅಷ್ಟಕ್ಕೇ? ಅಷ್ಟಕ್ಕೇ. ಇದಕ್ಕಿಂತ ದೊಡ್ಡ ಕಾರಣವೊಂದನ್ನು ಬಹಳ ಹುಡುಕಿದೆ — ಮೌಢ್ಯ, ಜನಜಾಗೃತಿ, ಹೊಸ ಸಮಾಜ… ಒಂದೂ ನಿಲ್ಲಲಿಲ್ಲ.

ನಿಮ್ಮ ಮೊದಲ ಬಣ್ಣದ ರೀಲು ಬಂದಾಗ ಒಂದು ಮುಂಜಾನೆ ನಿಮ್ಮ ಮನೆಗೆ ನಾನಾಗಿಯೇ ಬಂದೆ. ಕಿಟಕಿಯ ಕೆಳಗೆ ನಿಮ್ಮ ತಾಯಿ, ಗೌರಮ್ಮ ಆಯಿ, ಎಡ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜೆಗೆ ಕೂತಿದ್ದಳು. ನೀವು ಒಂದೇ ಒಂದು ಚಿತ್ರ ತೆಗೆದು ರೀಲು ತಿರುಗಿಸಿದಿರಿ. ಪೂಜೆ ಮುಗಿಯಿತು. ಆಯಿಗೆ ಏಳಲು ಕೈ ಕೊಡಬೇಕಾಗಿತ್ತು. ಕ್ಯಾಮರಾ ನನ್ನ ಕೈಗಿತ್ತು ಅತ್ತ ತಿರುಗಿದಿರಿ. ಬಣ್ಣದ ಫಿಲ್ಮಿಗೆ ಬೆನ್ನ ಕಡೆಯಿಂದ ಬೆಳಕು ನುಸುಳಿದರೆ ಮೊದಲು ತಾಗುವುದು ಕೆಂಪಿನ ಪದರಕ್ಕೆ, ಚಿತ್ರದಲ್ಲಿ ಬೆಂಕಿಯಂಥ ಕಲೆ ಮೂಡುತ್ತದೆ ಎಂದು ನಾನು ಓದಿದ್ದೆ. ಬೆನ್ನಿನ ಮುಚ್ಚಳವನ್ನು ಕೂದಲೆಳೆಯಷ್ಟು ತೆಗೆದೆ. ಮುಚ್ಚಿದೆ. ನೀವು ಆಯಿಯ ಸೆರಗು ಸರಿಮಾಡುತ್ತಿದ್ದಿರಿ.

ತಿಂಗಳಾದ ಮೇಲೆ ಮುಂಬಯಿಯಿಂದ ತೊಳೆದು ಬಂದ ಚಿತ್ರದಲ್ಲಿ ಆಯಿಯ ಅಂಗೈಯಿಂದ ಭುಜದವರೆಗೆ ಕಿತ್ತಳೆ ಬಣ್ಣದ ಜ್ವಾಲೆ. ನಾನು ಕಾದದ್ದು ನಿಮ್ಮ ಕುಣಿತಕ್ಕೆ. ನೀವು ಕುಣಿಯಲಿಲ್ಲ. ಬೆಳಕು ಸೋರಿರಬೇಕು ಎಂದಿರಿ. ಅದೇ ಕ್ಯಾಮರಾಕ್ಕೆ ಕರಿ-ಬಿಳಿ ರೀಲು ಹಾಕಿ, ದಿನವಿಡೀ ಬಿಸಿಲಲ್ಲಿಟ್ಟು, ತೊಳೆದು ನೋಡಿದಿರಿ. ಎಲ್ಲಿಯೂ ಒಂದು ಕಲೆಯಿಲ್ಲ. ಆಮೇಲೆ ಆ ನೆಗೆಟಿವ್ ಹಿಡಿದುಕೊಂಡು ನನ್ನಲ್ಲಿಗೆ ಬಂದಿರಿ — ನನ್ನಲ್ಲಿಗೆ!

"ಕ್ಯಾಮರಾ ನಿನ್ನ ಕೈಯಾಗಿತ್ತು. ಬೆನ್ನರೆ ತೆಗೆದಿದ್ದೇನು? ತೆಗೆದಿದ್ರ ತೆಗೆದೇನಿ ಅನ್ನು, ನಾ ಏನೂ ಅನ್ನೂದಿಲ್ಲ. ಸುಳ್ಳು ಚಿತ್ರಾನ ಗ್ವಾಡಿ ಮ್ಯಾಲೆ ಹಾಕೂದು ಬ್ಯಾಡ ನನಗ."

"ಇಲ್ರಿ ಕಾಕಾ. ನಾ ಮುಟ್ಟಿಲ್ಲ."

ನೀನೂ ಪರೀಕ್ಷೆ ಮಾಡಿ ನೋಡು ಎಂದು ನೆಗೆಟಿವ್ ಅನ್ನು ನನಗೇ ಬಿಟ್ಟುಹೋದಿರಿ. ಆಯಿಯ ಫೋಟೋ ಸ್ಟುಡಿಯೊದ ಗೋಡೆಗೇರಿತು. ದೇವರ ಹಿಪ್ಪರಗಿಯಿಂದ, ಹೊರ್ತಿಯಿಂದ ಜನ ಬರತೊಡಗಿದರು, ಆಯಿಯ ಕಾಲು ಹಿಡಿಯತೊಡಗಿದರು. ಆಯಿಗೆ ಸಿಟ್ಟು: "ಕೈಯಾಗ ಬೆಂಕಿ ಇತ್ತಂತ. ನನಗ ಒಂದೀಟೂ ಬಿಸಿ ಹತ್ತಲಿಲ್ಲಲ್ಲ, ಇವರಿಗೆಲ್ಲಾ ಹ್ಯಾಂಗ ಹತ್ತೇತಿ?" ಊರಿನಲ್ಲಿ ನನಗಿಂತ ದೊಡ್ಡ ಸಂಶಯವಾದಿ ಅವಳೊಬ್ಬಳೇ ಇದ್ದಳು. ನನಗೆ ಆಗ ಅದೂ ಕಾಣಲಿಲ್ಲ.

ವಾಚನಾಲಯದಲ್ಲಿ ಸಭೆ ಇಡಿಸಿದೆ. ನಿಮ್ಮಿಬ್ಬರನ್ನು ನಾನೇ ಕರೆದು ಮುಂದಿನ ಸಾಲಿನಲ್ಲಿ ಕೂಡ್ರಿಸಿದೆ. ಇನ್ನೊಂದು ಬಣ್ಣದ ಚಿತ್ರ ತಯಾರು ಮಾಡಿಕೊಂಡಿದ್ದೆ — ಸಂತೆಯ ಕತ್ತೆ. ಕತ್ತೆಯ ಕಿವಿಯ ಸುತ್ತ ಅದೇ ಕಿತ್ತಳೆ ಜ್ವಾಲೆ. ಎತ್ತಿ ಹಿಡಿದು ಕೇಳಿದೆ:

"ಇದಕ್ಕ ಯಾವ ಚಕ್ರ ತೆರೆದೈತ್ರಿ?"

ಸಭೆ ಹೊಟ್ಟೆ ಹಿಡಿದು ನಕ್ಕಿತು. ನಿಮ್ಮ ಬಾಕಿನ ಹೌದ್ರಿಗಳೂ ನಕ್ಕರು. ಕ್ಯಾಮರಾದ ಬೆನ್ನು ತೆಗೆದರೆ ಸಾಕು, ಇದೇ ಇವರ ಯೋಗ, ಇದೇ ಇವರ ಮೋಸ ಎಂದೆ. ಮೋಸ ಎಂಬ ಶಬ್ದವನ್ನು ಆಡಿದ್ದು ನಾನೇ. ಆಯಿ ಕತ್ತೆಯನ್ನು ನೋಡಿದಳು, ಆಮೇಲೆ ತನ್ನ ಅಂಗೈಯನ್ನು. ನೀವು ಎದ್ದಿರಿ. ಕೂಗಲಿಲ್ಲ.

"ನಾ ನಿನ್ನ ಕೇಳಿದ್ನಲ್ಲೋ…"

ಗದ್ದಲದಲ್ಲಿ ಅದು ಕೇಳಿಸಿದ್ದು ನನಗೊಬ್ಬನಿಗೆ. ನೀವು ಏನು ಕೇಳಿದ್ದಿರಿ ಎಂದು ನಾನು ಸಭೆಗೆ ಹೇಳಲಿಲ್ಲ. ನೀವೂ ಯಾರಿಗೂ ಹೇಳಲಿಲ್ಲ. ತಾಯಿಯನ್ನು ದೇವರು ಮಾಡಲು ಹೋದ ಕಳ್ಳ ಎಂದು ಊರು ಮಾತಾಡಿತು. ಮದುವೆಯ ಫೋಟೋಕ್ಕೂ ನಿಮ್ಮನ್ನು ಕರೆಯದಾದರು. ಸ್ಟುಡಿಯೊ ಮುಚ್ಚಿತು. ಈಗ ಬಸವನ ಬಾಗೇವಾಡಿಯಲ್ಲಿ ಅಂಗಡಿಗಳ ಬೋರ್ಡು ಬರೆಯುತ್ತೀರಂತೆ. ಹೋದ ವರ್ಷ ಆಯಿ ತೀರಿಕೊಂಡಳಂತೆ. ನಿಮ್ಮ ಗೋಡೆಯ ಮೇಲೆ ಅವಳ ಫೋಟೋ ಇಲ್ಲ ಎಂದು ನೋಡಿ ಬಂದವರು ಹೇಳಿದರು. ಬಣ್ಣದಲ್ಲಿ ಅವಳದು ಇದ್ದದ್ದು ಒಂದೇ — ಅದನ್ನು ನಾನು…

ನಿಮ್ಮ ಸಿದ್ಧಾಂತ ಸುಳ್ಳೇ ಇರಲಿ, ಪರೀಕ್ಷೆ ಮಾಡಿದವರು ನೀವು. ಪುರಾವೆ ಕೆಡಿಸಿ, ಆ ಕೆಟ್ಟ ಪುರಾವೆಯ ಮೇಲೆ ವಾದ ಗೆದ್ದವನು ನಾನು. ಕ್ಷಮೆ ಕೇಳುತ್ತಿಲ್ಲ. ಎಲ್ಲ ಶಿವನಿಚ್ಛೆ ಎಂದು ನೀವು ಕ್ಷಮಿಸಿಬಿಟ್ಟರೆ ನನಗೆ ಮತ್ತೆ ವಾದಕ್ಕಿಳಿಯುವ ಹುಕಿ ಬಂದೀತು.

ನೆಗೆಟಿವ್ ಅನ್ನು, ಅದರದೊಂದು ಪ್ರತಿ ತೆಗೆಸಿಟ್ಟುಕೊಂಡು, ಈ ವಾರ ಕಳಿಸುತ್ತೇನೆ. ಮುಂದಿನ ತಿಂಗಳು ಅದೇ ವಾಚನಾಲಯದಲ್ಲಿ ನನ್ನ ಭಾಷಣವಿದೆ. ಕರೆದವರು ಕತ್ತೆಯ ಫೋಟೋ ತರಲು ಮರೆಯಬೇಡಿ ಎಂದು ಬರೆದಿದ್ದಾರೆ. ತರುತ್ತೇನೆ, ಆಯಿಯದನ್ನೂ. ನೀವು ಬರಲೇಬೇಕು ಎನ್ನಲಾರೆ. ಬಂದರೆ ಅಂದು ಕೂತಲ್ಲೇ ಕೂಡ್ರಿರಿ, ಎಲ್ಲರಿಗೂ ಕೇಳುವಂತೆ ಅದೇ ಪ್ರಶ್ನೆ ಕೇಳಿರಿ. ಬರದಿದ್ದರೂ ಉತ್ತರ ಹೇಳಿಯೇ ಇಳಿಯುತ್ತೇನೆ.

ಹೌದ್ರಿ ಕಾಕಾ. ನಾನ ತೆಗೆದಿದ್ದೆ.