ಬೀಗರಿಗೆ ಬೆನ್ನು ತೋರಿಸಿದ ಭಾವ

ಐವತ್ತೆರಡನೆಯ ವಯಸ್ಸಿನಲ್ಲಿ ನನ್ನ ಸೊಂಟ ಸರಿಯಿಲ್ಲ ಎಂದು ಮೊದಲು ಪತ್ತೆ ಹಚ್ಚಿದ್ದು ಡಾಕ್ಟರಲ್ಲ. ಕೊರಿಯೋಗ್ರಾಫರ್.

"ಮಾಮ ಸರ್, ಸೊಂಟ ಲೂಸ್ ಬಿಡಿ. ಬ್ಯಾಂಕ್ ಕ್ಯೂನಲ್ಲಿ ನಿಂತಂಗೆ ನಿಂತಿದ್ದೀರ" ಎಂದ ವಿಕ್ಕಿ ಮಾಸ್ಟರ್. (ಆಧಾರ್ ಕಾರ್ಡಿನಲ್ಲಿ ಹೆಸರು ವೀರಭದ್ರ. ಊರು ಹುಣಸಮಾರನಹಳ್ಳಿ. ಕೇಳಿದರೆ 'ಏರ್‌ಪೋರ್ಟ್ ಸೈಡ್' ಎನ್ನುತ್ತಾನೆ.)

ಕೆಂಪಾಪುರದಲ್ಲಿ ನನ್ನ ಅಕ್ಕನ ಮನೆಯ ತಾರಸಿ ಅದು. ಒಂದು ಕಡೆ ನೀರಿನ ಟ್ಯಾಂಕು, ಇನ್ನೊಂದು ಕಡೆ ಒಣಹಾಕಿದ ಹಪ್ಪಳ. ನಡುವೆ ನಾವು, ಅಂದರೆ ಹುಡುಗಿಯ ಮಾವಂದಿರು, ಅತ್ತೆಯಂದಿರು, ಎರಡು ಸಾಲಾಗಿ ನಿಂತು ಬಲ್ಬು ಬಿಚ್ಚುವವರಂತೆ ಕೈ ಮೇಲೆತ್ತಿ ತಿರುಗಿಸುತ್ತಿದ್ದೆವು. ಅದಕ್ಕೆ ಭಾಂಗ್ಡಾ ಎಂದು ಹೆಸರಂತೆ.

ಮದುವೆ ಅಕ್ಕನ ಮಗಳು ಸಿಂಚನಾಳದ್ದು. ನಾನು ಸೋದರಮಾವ. ಹಿಂದೆಲ್ಲ ಸೋದರಮಾವ ಹುಡುಗಿಯ ಕೈ ಹಿಡಿದು ಮಂಟಪಕ್ಕೆ ಕರೆತಂದರೆ ಅವನ ಡ್ಯೂಟಿ ಮುಗಿಯುತ್ತಿತ್ತು. ಈಗ ಅದಕ್ಕಿಂತ ಮೊದಲು ಸಂಗೀತ್ ಎಂಬ ಸಂಜೆಯಲ್ಲಿ ಸೊಂಟವನ್ನೂ ಒಪ್ಪಿಸಬೇಕು.

ಸಂಗೀತ್ ಎಂದರೆ ಸಂಗೀತ ಕಛೇರಿ ಎಂದುಕೊಂಡು ನನ್ನ ಹೆಂಡತಿ ರೇಷ್ಮೆ ಸೀರೆ ತೆಗೆದಿಟ್ಟಿದ್ದಳು. ಅಲ್ಲವಂತೆ. ಎರಡೂ ಕಡೆಯ ನೆಂಟರು ಸ್ಟೇಜಿನ ಮೇಲೆ ಹಿಂದಿ ಹಾಡಿಗೆ ಕುಣಿಯುವುದಂತೆ. ಸರಿ, ಹುಡುಗ ಉತ್ತರದ ಕಡೆಯವನೇ? ಹೌದು, ಬೆಂಗಳೂರಿನ ಉತ್ತರಕ್ಕಿರುವ ನಾಗಸಂದ್ರದವನು! ಮೆಟ್ರೊ ಬರುವುದಕ್ಕೆ ಮೊದಲಿನಿಂದ ಅಲ್ಲಿರುವ ಮನೆತನ. ನಮ್ಮಕ್ಕನ ಮನೆಯವರೂ ಹೆಬ್ಬಾಳದ ಫ್ಲೈಓವರ್ ಹುಟ್ಟುವ ಮೊದಲಿನವರು. ಎರಡೂ ಮನೆಯಲ್ಲಿ ದಿನಾ ಮುದ್ದೆ. ಎರಡೂ ಮನೆಯಲ್ಲಿ ಹಿಂದಿ ಎಂದರೆ ಪಾನಿಪುರಿ ಗಾಡಿಯವನ ಜೊತೆ ಚೌಕಾಸಿ ಮಾಡುವಷ್ಟು.

ಮತ್ತೆ ಈ ಸಂಗೀತ್ ಎಲ್ಲಿಂದ ಬಂತು?

ವಿಚಾರಿಸಿದೆ. ಅಕ್ಕ ಹೇಳಿದಳು, ನಾಗಸಂದ್ರದವರು ಆಸೆಪಟ್ಟಿದ್ದಾರೆ, ಬೇಡ ಅಂದರೆ ಚೆನ್ನಾಗಿರಲ್ಲ ಎಂದು. ಬೀಗರು ಎದುರು ಸಿಕ್ಕಾಗ ಅವರನ್ನೂ ಮೆಲ್ಲಗೆ ಕೇಳಿದೆ. ಅವರು ನನ್ನನ್ನೇ ಪಕ್ಕಕ್ಕೆ ಕರೆದು, ನಮಗೇನೂ ಇರಲಿಲ್ಲ, ಹೆಣ್ಣಿನ ಕಡೆಯವರು ಆಸೆಪಟ್ಟಿದ್ದಾರಲ್ಲ ಅಂತ ಒಪ್ಪಿಕೊಂಡೆವು ಎಂದರು. ಯಾರಿಗೂ ಬೇಡದ ಸಂಗೀತ್ ಎಲ್ಲರ ಮರ್ಯಾದೆ ಉಳಿಸಲು ನಡೆಯುತ್ತಿತ್ತು. (ನಮ್ಮ ಸಂಸ್ಕೃತಿಯ ಬಹುಪಾಲು ನಡೆಯುವುದು ಹೀಗೆಯೇ ಎಂಬ ಅನುಮಾನ ನನಗಿದೆ.)

ಭಾಂಗ್ಡಾ ಬಗ್ಗೆ ನನಗೆ ತಕರಾರಿಲ್ಲ. ಪಾಪ, ಪಂಜಾಬಿನ ರೈತ ಬೆಳೆ ಕೈಗೆ ಬಂದ ಖುಷಿಗೆ ಹೊಲದಲ್ಲಿ ಕುಣಿದ. ಅವನ ಕುಣಿತಕ್ಕೆ ಅರ್ಥವಿದೆ. ನಾವು ಏನು ಕೊಯ್ದೆವು ಎಂದು ಕುಣಿಯಬೇಕು? ಕೆಂಪಾಪುರದಲ್ಲಿ ಕೊನೆಯ ಸಲ ರಾಗಿ ಕೊಯ್ದವರು ಯಾರೆಂದು ಕೇಳಿದರೆ ಜನ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಹೊಲಗಳನ್ನು ಸೈಟು ಮಾಡಿ ಮಾರಿ, ಆ ಸೈಟಿನ ಮೇಲೆದ್ದ ಹಾಲ್ ಬಾಡಿಗೆಗೆ ಹಿಡಿದು, ಅದರಲ್ಲಿ ಇನ್ಯಾರದೋ ಸುಗ್ಗಿ ಕುಣಿಯುತ್ತಿದ್ದೇವೆ.

ಈಗ ನನ್ನ ಭಾವನ ವಿಷಯಕ್ಕೆ ಬರುತ್ತೇನೆ. ಅಕ್ಕನ ಗಂಡ ಮುನಿರಾಜು, ಸಿಂಚನಾಳ ಅಪ್ಪ. ನೀರಿನ ಟ್ಯಾಂಕರ್ ಓಡಿಸುತ್ತಾರೆ. ವಿಕ್ಕಿಯ ಪಟ್ಟಿಯಲ್ಲಿ ಅವರಿಗೊಂದು ಪ್ರತ್ಯೇಕ ಸ್ಲಾಟ್ ಇತ್ತು. ಬ್ರೈಡ್ಸ್ ಡ್ಯಾಡ್, ಸೋಲೋ. ನಾಗಸಂದ್ರದ ಬೀಗರು ಆಗಲೇ ತಮ್ಮ ಸೋಲೋ ಕಲಿತು, ಕಪ್ಪು ಕನ್ನಡಕ ಹಾಕಿಕೊಂಡು ಕುಣಿದ ವಿಡಿಯೋ ವಾಟ್ಸಾಪಿಗೆ ಬಂದಿತ್ತು. ಅದನ್ನು ನೋಡಿದ ಮೇಲೆ ಅಕ್ಕನಿಗೆ ನಿದ್ದೆ ಇಲ್ಲ.

ಭಾವ ತಾರಸಿಗೆ ಬಂದರು. ಲುಂಗಿ ಬಿಟ್ಟು ಪ್ಯಾಂಟು ಹಾಕಿದ್ದರು. ಎದುರಿಗೆ ಸಭಿಕರ ಲೆಕ್ಕಕ್ಕೆ ವಿಕ್ಕಿ ಒಂದು ಖಾಲಿ ಕುರ್ಚಿ ಇಟ್ಟಿದ್ದ. ಹಾಡು ಶುರುವಾಯಿತು. ಭಾವ ಲೈಟುಕಂಬದ ಹಾಗೆ ನಿಂತರು. ಹಾಡು ಮುಗಿಯಿತು. ಭಾವ ಹಾಗೇ ನಿಂತಿದ್ದರು.

ಇದು ಕುಣಿಯಲು ಬಾರದ ಮನುಷ್ಯನ ಕಥೆ ಎಂದುಕೊಂಡಿರಾ? ಅಲ್ಲ. ಗಣೇಶನನ್ನು ಕೆರೆಗೆ ಬಿಡುವ ದಿನ ನೀವು ನಮ್ಮ ಭಾವನನ್ನು ನೋಡಬೇಕು. ತಮಟೆಗೆ ಮೊದಲ ಏಟು ಬಿದ್ದದ್ದೇ ತಡ, ಟವೆಲ್ಲು ತಲೆಗೆ ಸುತ್ತಿಕೊಂಡು ಇಳಿದರೆ ಅವರನ್ನು ತಡೆಯುವವರಿಲ್ಲ. ತಮಟೆ ಬಾರಿಸುವ ನರಸಿಂಹನೇ, ಅಣ್ಣ ಸ್ವಲ್ಪ ಉಸಿರಾಡ್ಲಿ ಎಂದು ಏಟು ನಿಧಾನ ಮಾಡುತ್ತಾನೆ. ತಮ್ಮ ತಾಯಿ ತೀರಿಕೊಂಡಾಗಲೂ ಭಾವ ಚಟ್ಟದ ಮುಂದೆ ಮಸಣದವರೆಗೆ ಕುಣಿದರು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಕಾಲು ಮಾತ್ರ ಒಂದು ಏಟೂ ತಪ್ಪಲಿಲ್ಲ. ತುಂಬು ಬಾಳು ಬಾಳಿದವರನ್ನು ನಮ್ಮಲ್ಲಿ ಕಳಿಸುವುದು ಹಾಗೆ.

ಅಂಥವರಿಗೆ ಇಲ್ಲೇನಾಯಿತು? ನಾನೇ ಕೇಳಿದೆ. ಭಾವ ಟ್ಯಾಂಕಿನ ನೆರಳಲ್ಲಿ ಕೂತು ಬೀಡಿ ಹಚ್ಚಿದರು.

"ನಿಂತ್ ತಾವೇ ನಿಂತ್ಕಂಡು ಎಂಗಯ್ಯ ಕುಣಿಯಾದು? ಎದುರ್ಗೆ ಏನಾರ ಬತ್ತಾ ಇರ್ಬೇಕು. ದೇವ್ರೋ, ಎಣವೋ. ಅದ್ರ ಮಕ ನೋಡ್ಕಂಡು ಇಂದಿಂದಕ್ಕೆ ಎಜ್ಜೆ ಆಕೋದು. ಈವಯ್ಯ ಖಾಲಿ ಕುರ್ಚಿ ನೋಡ್ಕಂಡು ನಗು ಅಂತಾನೆ."

ಶುಭಕಾರ್ಯದ ಮನೆಯಲ್ಲಿ ಹೆಣದ ಮಾತಾಡಿದ್ದಕ್ಕೆ ಅಕ್ಕ ಕೆಳಗಿನಿಂದಲೇ ಬೈದಳು. ಆದರೆ ಆ ಮಾತು ನನ್ನ ತಲೆಗೆ ಹೊಕ್ಕಿತು.

ನಿಜ ತಾನೆ? ನಮ್ಮ ಕಡೆ ಯಾವ ಕುಣಿತ ಸುಮ್ಮನೆ ನಿಂತಿದೆ ಹೇಳಿ. ಪೂಜೆ ಕುಣಿತದವನು ದೇವಿಯನ್ನು ತಲೆಯ ಮೇಲೆ ಹೊತ್ತು ಬೀದಿ ಬೀದಿ ನಡೆಯುತ್ತಾನೆ. ವೀರಗಾಸೆಯವರು ದೇವರ ಮುಂದೆ ಒಡಪು ಹೇಳುತ್ತ ಸಾಗುತ್ತಾರೆ. ತಮಟೆಯವರಂತೂ ಹೊರಟ ಮೇಲೆ ಊರ ಕೊನೆಯವರೆಗೂ ಹೋಗಲೇಬೇಕು. ಬರುವವರನ್ನು ಬರಮಾಡಿಕೊಳ್ಳಲು, ಹೋಗುವವರನ್ನು ಕಳಿಸಿಕೊಡಲು ಹುಟ್ಟಿದ ಕುಣಿತಗಳು ಇವು. ದೇವರಿಗೆ ಬೆನ್ನು ತೋರಿಸಬಾರದು, ಹಾಗಾಗಿ ಎದುರು ಕುಣಿಯುವವನು ಹಿಂದಕ್ಕೆ ನಡೆಯಬೇಕು. ಅವನ ಬೆನ್ನು ಯಾರಿಗೆ ಕಂಡರೆ ಏನು? ನೋಡುವ ಜನರಿಗಾಗಿ ಅವನು ಕುಣಿಯುತ್ತಲೇ ಇರಲಿಲ್ಲ.

ಆಮೇಲೆ ಯಾರೋ ಒಂದು ಸ್ಟೇಜು ಕಟ್ಟಿದರು. ಮುಂದೆ ಸೋಫಾ ಹಾಕಿದರು. ಸೋಫಾದಲ್ಲಿ ಗಣ್ಯರು ಕೂತರು. ಅಂದಿನಿಂದ ಕಲಾವಿದ ದೇವರಿಗೆ ಬೆನ್ನು ಹಾಕಿ ಗಣ್ಯರಿಗೆ ಮುಖ ತೋರಿಸಿ ಕುಣಿಯತೊಡಗಿದ. ನಾವು ಅದಕ್ಕೆ 'ಜಾನಪದ ನೃತ್ಯ' ಎಂದು ಹೆಸರಿಟ್ಟು ಶಾಲು ಹೊದಿಸಿದೆವು.

ಭಾವ ಅಂದೇ ತೀರ್ಮಾನ ಹೇಳಿಬಿಟ್ಟರು. ಸಂಗೀತ್ ದಿನ ಅವರ ಟ್ಯಾಂಕರ್ ಯಲಹಂಕದ ಹತ್ತಿರ ಕೆಟ್ಟು ನಿಲ್ಲುತ್ತದೆ. ಅದನ್ನು ರಿಪೇರಿ ಮಾಡಿಸಿ ಬರುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ. ಅಕ್ಕ ಅಳಲು ಶುರುಮಾಡಿದಳು. ಹುಡುಗಿಯ ಅಪ್ಪನೇ ಇಲ್ಲವೆಂದರೆ ಬೀಗರು ಏನು ತಿಳಿಯುತ್ತಾರೆ? ಸಂಬಂಧ ಇಷ್ಟವಿಲ್ಲ ಎಂದುಕೊಂಡರೆ? ನಾಳೆ ಆ ಮನೆಯಲ್ಲಿ ಬಾಳಬೇಕಾದವಳು ಯಾರು?

ಬಾಳಬೇಕಾದವಳು ಮೆಟ್ಟಿಲ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. ಜೋರು ಹುಡುಗಿ, ಅಪ್ಪನ ಮಗಳು. ಎದ್ದು ಬಂದು ಅಪ್ಪನ ಕೈಯಿಂದ ಬೀಡಿ ಕಿತ್ತು ಎಸೆದಳು.

"ವರ್ಷಾ ವರ್ಷಾ ಆ ಗಣೇಶನ್ ಮುಂದೆ ಕುಣೀತೀಯ. ನಾನ್ ಹೋಗ್ತಾ ಇದೀನಿ, ನನ್ ಮುಂದೆ ಕುಣಿಯಲ್ವಾಪ್ಪ?"

ಭಾವ ಎದ್ದರು. ಟ್ಯಾಂಕರ್ ಕೀ ತೆಗೆದುಕೊಂಡು ಕೆಳಗಿಳಿದು ಹೋದರು. ಆದರೆ ನಮ್ಮ ವಿಕ್ಕಿ ಮಾಸ್ಟರ್‌ಗೆ ಆ ಕ್ಷಣದಲ್ಲೇ ಕಾನ್ಸೆಪ್ಟ್ ಹೊಳೆಯಿತು. ಅಂಕಲ್‌ಗೆ ಭಾಂಗ್ಡಾ ಬೇಡ, ಫೋಕ್ ಕೊಡೋಣ ಎಂದ. ಹಿಂದಿನ ಎಲ್‌ಇಡಿ ಪರದೆಯಲ್ಲಿ 'ರೂಟ್ಸ್' ಎಂದು ಬರಬೇಕು, ಲೈವ್ ತಮಟೆ ಇರಬೇಕು. ಬರೆಯುವ ಚಟ ಇರುವ ತಪ್ಪಿಗೆ, ಆ ಕುಣಿತದ ಮೂಲದ ಬಗ್ಗೆ ನಿರೂಪಕಿ ಓದಲು ಎರಡು ಸಾಲು ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಭಾವ ಹೇಳಿದ್ದನ್ನೇ ಬರೆದುಕೊಟ್ಟೆ. ವಿಕ್ಕಿ ಅದನ್ನು ಹೊಡೆದುಹಾಕಿ 'ಸಾವಿರಾರು ವರ್ಷಗಳ ಇತಿಹಾಸವಿರುವ' ಎಂದು ಸೇರಿಸಿಕೊಂಡ. (ಇಷ್ಟು ವರ್ಷವಿದ್ದರೆ ಬೇರೇನೂ ಹೇಳಬೇಕಾಗಿಲ್ಲ ನೋಡಿ.)

ಸಂಗೀತ್ ಸಂಜೆ ಬಂತು. ಏರ್‌ಪೋರ್ಟ್ ರೋಡಿನ ಹಾಲು. ನಾವೆಲ್ಲ ಬಲ್ಬು ಬಿಚ್ಚಿದೆವು. ಬೀಗರು ಕನ್ನಡಕ ಹಾಕಿಕೊಂಡು ಕುಣಿದರು, ಚೆನ್ನಾಗಿಯೇ ಕುಣಿದರು. ಟ್ಯಾಂಕರ್ ಕೆಟ್ಟಿರಲಿಲ್ಲ. ಭಾವ ಬಿಳಿ ಪಂಚೆ ಉಟ್ಟು ಮೂಲೆಯಲ್ಲಿ ನಿಂತಿದ್ದರು.

ತಮಟೆಯ ನರಸಿಂಹ ತನ್ನ ಮೂವರು ಜೊತೆಗಾರರೊಂದಿಗೆ ಗುಲಾಬಿ ಬಣ್ಣದ ಪೇಟ ಕಟ್ಟಿಕೊಂಡು ಲಿಫ್ಟಿನಲ್ಲಿ ಬಂದ. ಇಲ್ಲೊಂದು ಮಾತು ಹೇಳಲೇಬೇಕು. ನಮ್ಮ ಮನೆತನದ ಎಷ್ಟು ಮದುವೆ, ಎಷ್ಟು ಸಾವಿಗೆ ಇವರ ಅಪ್ಪ, ತಾತ ಬಾರಿಸಿದ್ದಾರೋ ಲೆಕ್ಕವಿಲ್ಲ. ಒಂದು ಸಲವೂ ಅವರನ್ನು ಚಪ್ಪರದ ಒಳಗೆ ಕರೆದವರಿಲ್ಲ. ಊಟ ಕೂಡ ಆಚೆಗೇ. ಈಗ ವಿಕ್ಕಿ 'ಲೈವ್ ಪರ್ಕಷನ್' ಎಂದ ಮೇಲೆ ಒಳಗೆ ಬಂದರು, ಎಸಿ ಕೆಳಗೆ ನಿಂತರು. ನಮ್ಮ ಹಿರಿಯರಿಗೆ ತಮಟೆ ಬೇಕಿತ್ತು, ಬಾರಿಸುವವನು ಬೇಕಿರಲಿಲ್ಲ. ನಮಗೂ ಅಷ್ಟೇ, ಪೇಟ ಕಟ್ಟಿಸಿದ್ದೇವೆ.

ನಿರೂಪಕಿಯ ಬಾಯಲ್ಲಿ ಸಾವಿರಾರು ವರ್ಷಗಳ ಇತಿಹಾಸ ಮುಗಿಯಿತು. ಅಕ್ಕ ನರಸಿಂಹನ ಕಿವಿಯಲ್ಲಿ, ಯಾವ ಏಟಪ್ಪಾ ಹೊಡೀತೀಯ ಎಂದು, ಎಲ್ಲಿ ಸಾವಿನ ಏಟೋ ಎಂಬ ಗಾಬರಿಯಿಂದ ಕೇಳಿದಳು. ಗಣೇಶನ ಏಟೇ ಅಕ್ಕ, ಎದುರ್ಕಬೇಡಿ ಎಂದ ಅವನು.

ಏಟು ಬಿತ್ತು. ಭಾವ ಸ್ಟೇಜು ಹತ್ತಿದರು. ಹೆಗಲ ಮೇಲಿನ ಟವೆಲ್ಲು ತೆಗೆದು ತಲೆಗೆ ಸುತ್ತಿದರು. ಸ್ಟೇಜಿನ ಹಿಂಭಾಗದ ಸಿಂಹಾಸನದಂಥ ಸೋಫಾದಲ್ಲಿ ಸಿಂಚನಾ ಕೂತಿದ್ದಳು. ಭಾವ ನೇರವಾಗಿ ಅವಳ ಕಡೆ ತಿರುಗಿದರು. ಸಭೆಗೆ ಬೆನ್ನು, ಬೀಗರಿಗೆ ಬೆನ್ನು, ಮೂರು ಕ್ಯಾಮೆರಾಗಳಿಗೂ ಬೆನ್ನು. ಹಾಗೇ ಕುಣಿಯಲು ಶುರುಮಾಡಿದರು.

"ಅಂಕಲ್, ಫ್ರಂಟ್. ಅಂಕಲ್, ಫ್ರಂಟಿಗೆ ತಿರುಗಿ" ಎಂದು ವಿಕ್ಕಿ ಮೈಕಿನಲ್ಲಿ ಗೋಗರೆದ. ಭಾವನಿಗೆ ಅದು ಕೇಳಿಸಿದ ಹಾಗಿರಲಿಲ್ಲ. ಮಗಳ ಮುಖ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕೆ ಬಂದರು. ಸಿಂಚನಾ ಒಂದು ಗಳಿಗೆ ನೋಡಿದಳು, ಆಮೇಲೆ ಲೆಹಂಗಾ ಎರಡೂ ಕೈಯಲ್ಲಿ ಎತ್ತಿಕೊಂಡು ಎದ್ದಳು. ಅವರು ಒಂದು ಹೆಜ್ಜೆ ಹಿಂದೆ, ಇವಳು ಒಂದು ಹೆಜ್ಜೆ ಮುಂದೆ. ಸ್ಟೇಜಿನ ಇಳಿಜಾರು ಇಳಿದರು. ಕುರ್ಚಿಗಳ ನಡುವಿನ ದಾರಿಗೆ ಬಂದರು. ನರಸಿಂಹನಿಗೆ ಯಾರೂ ಹೇಳಬೇಕಾಗಲಿಲ್ಲ. ತಮಟೆ ಅವರ ಪಕ್ಕದಲ್ಲೇ ಸಾಗಿತು. ಕಪ್ಪು ಕನ್ನಡಕದ ಬೀಗರು ಎದ್ದು, ಕನ್ನಡಕ ಜೇಬಿಗೆ ಹಾಕಿ, ದಾರಿಯಲ್ಲಿದ್ದ ಕುರ್ಚಿಗಳನ್ನು ತಾವೇ ಪಕ್ಕಕ್ಕೆ ಎಳೆದರು. ಅವರೂ ನಮ್ಮವರೇ ಅಲ್ಲವೇ, ಗೊತ್ತಾಯಿತು.

ಬಾಗಿಲ ಹತ್ತಿರ ಬಂದಾಗ ಭಾವ ನಿಂತರು. ನಮ್ಮೂರಿನಲ್ಲಿ ಕುಣಿಯುವವನು ಕೆರೆ ಏರಿಯವರೆಗೆ ಮಾತ್ರ. ಅಲ್ಲಿ ಅವನು ಪಕ್ಕಕ್ಕೆ ಸರಿದು ದಾರಿ ಬಿಡಬೇಕು, ದೇವರು ಮುಂದೆ ಹೋಗಬೇಕು. ಭಾವ ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಸಿಂಚನಾ ಮುಂದೆ ಹೋಗದೆ, ಹಿಂದಕ್ಕೂ ಬಾರದೆ ಅಲ್ಲೇ ನಿಂತು ಅತ್ತಳು. ನಾನೂ ಅತ್ತೆ, ಸುಳ್ಳೇಕೆ ಹೇಳಲಿ. ಅಷ್ಟರಲ್ಲಿ ಡಿಜೆ ಗಾಬರಿಯಾಗಿ ಇನ್ನೊಂದು ಹಿಂದಿ ಹಾಡು ಹಾಕಿದ.

ಮದುವೆ ಮುಗಿದು ಹುಡುಗಿ ನಾಗಸಂದ್ರ ಸೇರಿದ್ದಾಳೆ. ಮೊನ್ನೆ ಅಕ್ಕನ ಮನೆಯಲ್ಲಿ ಎಲ್ಲರೂ ಕೂತು ವಿಡಿಯೋ ನೋಡಿದೆವು. ನನ್ನ ಸೊಂಟ ಮೂರು ಆಂಗಲ್‌ನಿಂದ ಕಾಣುತ್ತದೆ, ಬೇಡವೆಂದರೂ. ಭಾವನದು ಬರೀ ಬೆನ್ನು. ಬಿಳಿ ಶರಟು, ತಲೆಗೊಂದು ಟವೆಲ್ಲು. ಆ ಹೊತ್ತಿನ ಮುಖ ಒಂದು ಫ್ರೇಮಿನಲ್ಲೂ ಇಲ್ಲ.

ನಿನ್ನೆ ವಿಕ್ಕಿ ಮಾಸ್ಟರ್ ಫೋನ್ ಮಾಡಿದ್ದ. ಆ ಪೀಸ್ ವೈರಲ್ ಆಗುವಂಥದ್ದಂತೆ, ಫೇಸ್ ಇಲ್ಲದೆ ವೇಸ್ಟ್ ಆಗಿದೆಯಂತೆ. ಹಾಲ್‌ನವರು ಒಂದು ಗಂಟೆ ಬಿಟ್ಟುಕೊಡುತ್ತಾರೆ, ಅಂಕಲ್ ಅದನ್ನೇ ಫ್ರಂಟಿಗೆ ತಿರುಗಿ ಒಂದ್ಸಲ ರೀಟೇಕ್ ಮಾಡಿದರೆ ಸಾಕು, ನೀವು ಹೇಳಿದರೆ ಕೇಳುತ್ತಾರೆ ಎಂದ.

ಹೇಳಿದೆ. ಭಾವ ಟ್ಯಾಂಕರಿನ ಪೈಪು ಸುತ್ತಿಡುತ್ತಿದ್ದರು. ತಲೆ ಎತ್ತದೆ ಕೇಳಿದರು:

"ಕಳ್ಸಿ ಆಯ್ತಲ್ಲಯ್ಯ. ಈಗ ಯಾರ್ ಮುಂದೆ ಕುಣೀಲಿ?"