ಒಳಗಿರುವವರು ಹೊರಬರುವ ತನಕ

ಓಡುತ್ತಿರುವ ಕಂಪ್ಯೂಟರಿನಿಂದ ಯಾರಾದರೂ ಫಕ್ಕನೆ ಪೆನ್‌ಡ್ರೈವ್ ಕಿತ್ತರೆ ಅದು ನೆಲಕಚ್ಚದಂತೆ ನೋಡಿಕೊಳ್ಳುವುದೇ ಇಪ್ಪತ್ತೆರಡು ವರ್ಷ ಅಕ್ಕನ ಕೆಲಸವಾಗಿತ್ತು. ಆಫೀಸಿನಲ್ಲಿ ಮ್ಯಾನೇಜರಿಗೂ ಅವರು ಅಕ್ಕನೇ. ಚುಚ್ಚಿ ಕಿತ್ತು, ಚುಚ್ಚಿ ಕಿತ್ತು ಅವರ ಯಂತ್ರದ ಪೋರ್ಟುಗಳೆಲ್ಲ ಸಡಿಲವಾಗಿದ್ದವು.

ಒಂದು ಕಾಲಕ್ಕೆ, ಡ್ರೈವ್ ಕಿತ್ತಾಗಲೆಲ್ಲ ಯಂತ್ರ ಸಾಯತೊಡಗಿತು. ಕಂಪ್ಯೂಟರಿನ ಒಳಮನೆಯ ಯಜಮಾನನಾದ ಕರ್ನಲ್, ಡ್ರೈವ್ ಹೋಯಿತೆಂದು ಅದಕ್ಕಾಗಿ ಎತ್ತಿಟ್ಟ ಮೆಮೊರಿಯನ್ನು ತೆರವು ಮಾಡುತ್ತಿತ್ತು. ಆದರೆ ಒಳಗಿದ್ದ ಬೇರೊಂದು ಪ್ರೋಗ್ರಾಂ ಇನ್ನೂ ಅಲ್ಲೇ ಬರೆಯುತ್ತಿತ್ತು.

ಮ್ಯಾನೇಜರು ಬುದ್ಧಿವಂತಿಕೆ ತೋರಿಸಿದರು: "ತೆರವು ಮಾಡೋಕ್ಮುಂಚೆ ಐದು ಸೆಕೆಂಡ್ ಕಾಯ್ಸಿಬಿಡಿ ಅಕ್ಕಾ, ಸಾಕು."

ಅಕ್ಕ ಕನ್ನಡಕ ತೆಗೆದರು. "ಯಾರಿಗೋಸ್ಕರ ಕಾಯೋದು ಸಾರ್? ಗಡಿಯಾರಕ್ಕೋಸ್ಕರಾನಾ, ಒಳಗಿರೋರಿಗೋಸ್ಕರಾನಾ?"

ಆದರೂ ಐದು ಸೆಕೆಂಡು ಸೇರಿಸಿ, ಆಮೆಯಂಥ ಹಳೆಯ ಡ್ರೈವೊಂದನ್ನು ಬರೆಯುತ್ತಿರುವಾಗಲೇ ಕಿತ್ತರು. ಆರನೆಯ ಸೆಕೆಂಡಿಗೆ ಯಂತ್ರ ಗೊಟಕ್ ಎಂದಿತು. ಅವರ ಪಕ್ಕದಲ್ಲಿ ಕೂತು ಕೆಲಸ ಕಲಿಯುತ್ತಿದ್ದ ನನಗೆ ಹಾಲು ಕುಡಿದಷ್ಟು ಸಂತೋಷ.

ಕೊನೆಗೆ ಅಕ್ಕ ಬರೆದದ್ದು ಇಷ್ಟೇ: ಡ್ರೈವ್ ಕಿತ್ತೊಡನೆ ಹೊಸಬರಿಗೆ ಬಾಗಿಲು ಹಾಕು, ಒಳಗೆ ಎಷ್ಟು ಜನರಿದ್ದಾರೆಂದು ಎಣಿಸುತ್ತಿರು, ಕೊನೆಯವರು ಹೊರಬಿದ್ದ ಮೇಲೆಯೇ ಜಾಗ ಖಾಲಿ ಮಾಡು. ಆ ಯಂತ್ರ ಮತ್ತೆ ಸಾಯಲಿಲ್ಲ.

ಅವರ ನಿವೃತ್ತಿಯ ದಿನ ಮಧ್ಯಾಹ್ನವೇ ಕೇಕ್ ಕತ್ತರಿಸಿ, "ಇನ್ನು ಹೊರಡಿ ಅಕ್ಕಾ," ಎಂದರು ಮ್ಯಾನೇಜರು. ಹೊಸ ಕೆಲಸ ಒಪ್ಪಿಕೊಳ್ಳುವುದನ್ನು ಅಕ್ಕ ತಿಂಗಳ ಹಿಂದೆಯೇ ನಿಲ್ಲಿಸಿದ್ದರು.

"ಇನ್ನೂ ಒಬ್ಳು ಡೌಟ್ ಕೇಳೋದಿದೆ ಸಾರ್, ಅವಳದು ಮುಗೀಲಿ," ಎಂದ ಅಕ್ಕ ಕುರ್ಚಿ ಬಿಟ್ಟು ಏಳಲಿಲ್ಲ.

ಆ ಒಬ್ಬಳು ನಾನು. ಕೇಳುವುದು ಮೂರು ಗಂಟೆಗೇ ಮುಗಿದಿತ್ತು. ಐದೂವರೆಯವರೆಗೂ ನಾನು ಅದನ್ನು ಹೇಳಲಿಲ್ಲ.