ಮಲ್ಲಿಗೆ ಗಿಡಕ್ಕೊಂದು ಉಪವಾಸ

ಮೊನ್ನೆ ಸೊಸೆ ಬಕೆಟ್ಟಿನಲ್ಲಿ ತಂಬಾಕಿನ ಎಲೆ ನೆನೆಹಾಕಿದ್ದಳು. ಮಾಳಿಗೆಯ ಮೇಲಿನ ಅವಳ ಗುಲಾಬಿ ಕುಂಡಗಳಿಗೆ ಹುಳ ಬಿದ್ದಿದೆಯಂತೆ. ಆ ಘಾಟು ಮೆಟ್ಟಿಲಿಳಿದು ಅಡುಗೆಮನೆಗೆ ಬಂತು. ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಬಿಟ್ಟಿತು. ನಿಪ್ಪಾಣಿಯಲ್ಲಿ ಬಾಳುವೆ ಮಾಡಿದವಳಿಗೆ ತಂಬಾಕಿನ ವಾಸನೆ ಹೊಸದೇನಲ್ಲ. ಆದರೆ ನೀರಲ್ಲಿ ನೆನೆದ ತಂಬಾಕಿನ ವಾಸನೆ ಬಂದರೆ ನನಗೆ ನೆನಪಾಗುವವರು ಒಬ್ಬರೇ... ಬಾಜೂ ಮನೆಯ ಚಿಕ್ಕಮ್ಮ, ನಮ್ಮೆಲ್ಲರ ಕಾಕು.

ಎಂಬತ್ತರ ದಶಕದ ಕೊನೆಯ ಮಾತು. ನಾನು ಅಂಕಲಿಯಿಂದ ನಿಪ್ಪಾಣಿಗೆ ಸೊಸೆಯಾಗಿ ಬಂದ ವರ್ಷವೇ ಅವ್ವ ತೀರಿಕೊಂಡಳು. ದಿನಕರ್ಮ ಮುಗಿಸಿ ಬರುವಾಗ ತವರಿನಿಂದ ತಂದದ್ದು ಒಂದು ಸಣ್ಣ ಕುಂಡ ಮಾತ್ರ. ಅದರಲ್ಲಿ ಅವ್ವ ಟೊಂಗೆ ಊರಿ ಚಿಗುರಿಸಿದ್ದ ದುಂಡು ಮಲ್ಲಿಗೆ. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡೇ ಬಂದೆ. ಬಂದ ಮೇಲೆ ಅದಕ್ಕೆ ಏನಾಯಿತೋ, ಎಲೆ ಹಳದಿಯಾದವು. ಟೊಂಗೆಗಳ ಸಂದಿಯಲ್ಲೆಲ್ಲ ಹಿಟ್ಟು ಉದುರಿಸಿದಂಥ ಬಿಳಿ ಹುಳ.

ನನಗೆ ಮೊದಲೇ ಸಮಾಧಾನ ಕಡಿಮೆ. ಕುಂಡವನ್ನು ಬಿಸಿಲಿಗೆ ಇಡುತ್ತಿದ್ದೆ, ಮರುಗಳಿಗೆ ನೆರಳಿಗೆ ಎಳೆಯುತ್ತಿದ್ದೆ. ನೀರು ಹಾಕಿ, ಹೆಚ್ಚಾಯಿತೇನೋ ಎಂದು ಬಾಗಿಸಿ ಚೆಲ್ಲುತ್ತಿದ್ದೆ. ಒಲೆಯ ಮೇಲೆ ಹಾಲಿಟ್ಟು ಹಿತ್ತಲಿಗೆ ಓಡುತ್ತಿದ್ದೆ. ಹಾಲು ಉಕ್ಕುತ್ತಿತ್ತು, ಅತ್ತೆಯ ಬೈಗುಳ ಬೀಳುತ್ತಿತ್ತು. ಕೊನೆಗೆ ಅತ್ತೆಯೇ, "ತಂಬಾಕಿನ ನೀರ ಹೊಡಿ, ಎಲ್ಲಾ ಸಾಯ್ತಾವು" ಎಂದರು. ನಮ್ಮ ಊರಲ್ಲಿ ತಂಬಾಕಿಗೇನು ಬರ? ನೆನೆಹಾಕಿ, ಸೋಸಿ, ಚೊಂಬು ಹಿಡಿದು ನಿಂತಿದ್ದೆ. ಗಿಡ್ಡ ಗೋಡೆಯ ಆಚೆಯಿಂದ ಕಾಕು ನೋಡಿದರು.

ಕಾಕು ಜೈನರು, ಗಂಡ ತೀರಿಕೊಂಡ ಮೇಲೆ ಒಬ್ಬರೇ ಇದ್ದವರು. ಬಟ್ಟೆಯಲ್ಲಿ ಸೋಸದ ನೀರು ಕುಡಿದವರಲ್ಲ, ಹೊತ್ತು ಮುಳುಗಿದ ಮೇಲೆ ಉಂಡವರಲ್ಲ. ಅಂಗಳ ಗುಡಿಸುವಾಗ ಇರುವೆ ಸಾಲು ಕಂಡರೆ ಕಸಬರಿಗೆ ಎತ್ತಿ ಕಾಯುತ್ತಿದ್ದರು.

"ತಡಿಯವಾ ತಂಗಿ. ಅವೂ ಜೀವ ಅದಾವು. ಗಿಡ ನನ್ನ ಕಡೆ ಕೊಡು, ನಾ ನೋಡ್ತೀನಿ" ಎಂದರು.

ಅಂದಿನಿಂದ ಕುಂಡ ಅವರ ಅಂಗಳಕ್ಕೆ ಹೋಯಿತು. ಬೆಳಿಗ್ಗೆ ಬಸದಿಗೆ ಹೋಗಿ ಬಂದು, ಹಳೆಯ ಧೋತರದ ಮೆತ್ತನೆಯ ಚೂರಿನಿಂದ ಒಂದೊಂದೇ ಎಲೆ ಒರೆಸುವರು. ಹುಳಗಳನ್ನು ಸಾಯಗೊಡದೆ ಹಿತ್ತಲಿನ ಎಕ್ಕೆಯ ಗಿಡದ ಮೇಲೆ ಝಾಡಿಸಿ ಬರುವರು. ಮರುದಿನ ನೋಡಿದರೆ ಮತ್ತೆ ಅಷ್ಟೇ ಹುಳ. ನಾನಂತೂ ಗೋಡೆ ಬಿಡುತ್ತಿರಲಿಲ್ಲ.

"ನೀ ಹಿಂಗ ತಾಸಿಗೊಮ್ಮೆ ಬಂದ ನೋಡಿದ್ರ ಗಿಡಕ್ಕೂ ಗಾಬರಿ ಆಕೈತಿ" ಎಂದು ಕಾಕು ನಗುತ್ತಿದ್ದರು. "ತಾಳಿದವರು ಬಾಳ್ಯಾರು."

ತಾಳುವುದು ಹೇಗೆ? ಎಲೆ ಉದುರುತ್ತಲೇ ಇದ್ದವು. ಒಂದೇ ಟೊಂಗೆ ಹಸಿರು ಉಳಿದ ದಿನ ನಾನು ಗೋಡೆಗೆ ಹಣೆ ಹಚ್ಚಿ ಅತ್ತುಬಿಟ್ಟೆ. "ಅವ್ವನ ಕೈ ಮುಟ್ಟಿದ್ದು ಇದೊಂದ ಉಳದೈತ್ರಿ ಕಾಕು" ಎಂದೆ. ಅವರು ಕೈಯಲ್ಲಿನ ಬಟ್ಟೆಯನ್ನು ಮಡಚುತ್ತ ಕೂತರು.

ಅದಾದ ಕೆಲವೇ ದಿನಕ್ಕೆ ಹುಳ ಮಾಯವಾದವು. ಒಣಗಿದಂತಿದ್ದ ಬೊಡ್ಡೆಯಲ್ಲಿ ಎಳೆ ಚಿಗುರು. ಕಾಕು ಒಂದೂ ಹುಳ ಕೊಲ್ಲದೆ ಗಿಡ ಉಳಿಸಿದರೆಂದು ಓಣಿಯ ತುಂಬ ಡಂಗುರ ಸಾರಿ ಬಂದೆ. ಕಾಕು ಮಾತ್ರ ನಗಲಿಲ್ಲ. ಅವರ ಒಲೆ ತಣ್ಣಗಿತ್ತು. ಅಷ್ಟಮಿಯಲ್ಲ, ಚತುರ್ದಶಿಯಲ್ಲ, ಆದರೂ ಕಾಸಿದ ನೀರು ಬಿಟ್ಟು ಬೇರೇನೂ ಮುಟ್ಟುತ್ತಿರಲಿಲ್ಲ. ಇದು ಯಾವ ಉಪವಾಸ ಎಂದು ಕೇಳಿದೆ.

"ಒರಿಸಿದಷ್ಟೂ ಹುಟ್ಟತಿದ್ದವು ತಂಗಿ. ನೀ ಅಳಕೋತ ಹೋದಿ ನೋಡು, ಅವತ್ತ ಸಂಜಿಕ ನಾನ ತಂಬಾಕಿನ ನೀರ ಹಾಕಿದೆ" ಎಂದರು. ತಣ್ಣಗಿನ ಒಲೆಯ ಕಡೆ ನೋಡುತ್ತ, "ಅವಕ್ಕೂ ಅವ್ವ ಇರ್ತಾಳ. ಗೊತ್ತಿದ್ದೇ ಹಾಕಿದೆ. ನಿನ್ನ ಮಾರಿ ನೋಡಾಕ ಆಗಲಿಲ್ಲ. ಅದಕ್ಕ ಈ ಪ್ರಾಯಶ್ಚಿತ್ತ" ಎಂದರು.

ಇಡೀ ಜನ್ಮ ಇರುವೆಗೆ ದಾರಿ ಬಿಟ್ಟವರು ನನ್ನ ಹಟದ ಸಲುವಾಗಿ ಹಾಗೆ ಮಾಡಿದ್ದರು. ಮರುದಿನ ನಾನೂ ಉಣ್ಣದೆ ಹೋಗಿ ಅವರ ಪಡಸಾಲೆಯಲ್ಲಿ ಕೂತೆ.

"ನಿನಗ್ಯಾಕಬೇ ಉಪವಾಸ? ನಿಮ್ಮತ್ತಿ ನನ್ನ ಬೈತಾಳ."

"ಗಿಡ ನಂದ ಐತಲ್ರಿ" ಎಂದೆ.

ಆಗ ನಕ್ಕರು ನೋಡಿ. ಹೊತ್ತು ಮುಳುಗುವ ತನಕ ನಾವಿಬ್ಬರೂ ಗೋಡೆಗೊರಗಿ ಕೂತಿದ್ದೆವು, ಏನೇನೋ ಮಾತಾಡುತ್ತ... ಏನು ಮಾತಾಡಿದೆವೋ, ಒಂದೂ ನೆನಪಿಲ್ಲ. ಮುಂದೆ ಮಲ್ಲಿಗೆ ಬಿಟ್ಟಾಗ ಮೊದಲ ಬೊಗಸೆಯನ್ನು ಬಸದಿಗೆಂದು ಅವರಿಗೇ ಒಯ್ದೆ. "ಈ ಗಿಡದ್ದು ದೇವರಿಗೆ ಬ್ಯಾಡವಾ, ನೀ ಮುಡಕೋ" ಎಂದು ತಿರುಗಿ ಕೊಟ್ಟರು.

ತೊಂಬತ್ತರ ದಶಕದಲ್ಲಿ ನಮ್ಮವರಿಗೆ ರಾಯಬಾಗಕ್ಕೆ ವರ್ಗವಾಯಿತು. ಕಾಕು ಕೊಲ್ಹಾಪುರದ ಮಗಳ ಮನೆಗೆ ಹೋದರು. ಅವರು ತೀರಿಕೊಂಡ ಸುದ್ದಿ ನನಗೆ ತಲುಪುವಷ್ಟರಲ್ಲಿ ಎಲ್ಲ ಕರ್ಮ ಮುಗಿದುಹೋಗಿತ್ತು. ಆ ಮಲ್ಲಿಗೆಯೂ ಮನೆ ಬದಲಿಸುವ ಗದ್ದಲದಲ್ಲಿ ಒಂದು ಬೇಸಿಗೆ ಒಣಗಿತು. ಅವತ್ತು ನಾನು ಅತ್ತದ್ದು ಅವ್ವನಿಗಾಗಿ ಅಲ್ಲ, ಕಾಕುಗಾಗಿ.

ಮೊನ್ನೆ ಸೊಸೆಯನ್ನು ತಡೆಯಲಿಲ್ಲ. ಅವಳ ಗಿಡಗಳ ಮೇಲೆ ಅವಳಿಗೂ ಜೀವ. ಮಧ್ಯಾಹ್ನ ನಾನು ತಾಟಿಗೆ ಕೂರಲಿಲ್ಲ. "ಯಾಕ್ರಿ ಅತ್ತಿ, ಉಣ್ಣಂಗಿಲ್ಲ?" ಎಂದು ಕೇಳಿದಳು. ಹಸಿವಿಲ್ಲ ಎಂದೆ. ಹಸಿವಿತ್ತು. ಒಳಗೂ ಹೊರಗೂ ಸುಮ್ಮನೆ ತಿರುಗಾಡಿದೆ, ಬಾಗಿಲಲ್ಲಿ ನಿಂತೆ, ಮತ್ತೆ ಒಳಗೆ ಬಂದೆ. ಜೊತೆಗೆ ಹಸಿದು ಕೂರುವವರಿಲ್ಲದಿದ್ದರೆ ಹೊತ್ತೇ ಮುಳುಗುವುದಿಲ್ಲ.